ಹೊಳೆ ಮೆಚ್ಚಿದವನ ತಾಯಿ

ಮೆಂಫಿಸ್ ಪಟ್ಟಣದ ಪಡುವಣ ಅಂಚಿನಲ್ಲಿ, ಹೊಲ ಮುಗಿದು ಮರಳು ಶುರುವಾಗುವ ಕಡೆ, ಸುತ್ತುವವರ ಕೇರಿ ಇತ್ತು. ಸತ್ತವರನ್ನು ಸೌಳುಪ್ಪಿನಲ್ಲಿ ಒಣಗಿಸಿ ನಾರುಬಟ್ಟೆ ಸುತ್ತುವ ಮಂದಿ ಅಲ್ಲಿದ್ದುದರಿಂದ ಆ ಹೆಸರು. ಆ ಕಡೆಯಿಂದ ಗಾಳಿ ಬೀಸಿದರೆ ಪಟ್ಟಣದವರು ಮೂಗು ಮುಚ್ಚಿಕೊಳ್ಳುತ್ತಿದ್ದರು. ಮನೆಯಲ್ಲಿ ಸಾವಾದರೆ ಅಲ್ಲಿಗೇ ಓಡಿ ಬರುತ್ತಿದ್ದರು. ತಕೂಶ ಹುಟ್ಟಿ ಬೆಳೆದದ್ದೂ ಲಗ್ನವಾದದ್ದೂ ಆ ಕೇರಿಯಲ್ಲೇ.

ಅವಳದು ಮಣಿಬಲೆ ಕಟ್ಟುವ ಕಸುಬು. ಬಟ್ಟೆ ಸುತ್ತಿ ಮುಗಿದ ಹೆಣದ ಮೇಲೆ ಹೆಗಲಿನಿಂದ ಪಾದದವರೆಗೆ ನೀಲಿ ಕೊಳವೆಮಣಿಗಳ ಬಲೆಯೊಂದನ್ನು ಹೊದಿಸುತ್ತಾರೆ. ಎದೆಯ ಮೇಲೆ ಬರುವ ಜಾಗದಲ್ಲಿ ನೂತ್ ದೇವಿಯನ್ನು ಕೂರಿಸಬೇಕು. ಆಕಾಶವೇ ಆದ ತಾಯಿ ಅವಳು. ಮಂಡಿಯೂರಿ ಕೂತು ಎರಡು ಕೈಯನ್ನೂ ಚಾಚಿರುತ್ತಾಳೆ, ಕೈಯುದ್ದಕ್ಕೂ ರೆಕ್ಕೆ. ದೇವಿಯ ಮೈ ಒಂದು ಬಿಲ್ಲೆ, ರೆಕ್ಕೆಗಳು ಬೇರೆ ಎರಡು ಬಿಲ್ಲೆ. ಅಂಚಿನ ಸಣ್ಣ ತೂತುಗಳಲ್ಲಿ ದಾರ ಪೋಣಿಸಿ ಮೂರನ್ನೂ ಬಲೆಗೆ ಬಿಗಿಯುತ್ತಾರೆ. ಸತ್ತವರನ್ನು ಅವಳು ಹಸುಗೂಸಿನ ಹಾಗೆ ರೆಕ್ಕೆಯೊಳಕ್ಕೆ ಎಳೆದುಕೊಳ್ಳುತ್ತಾಳೆ ಎಂದು ಜನರ ನಂಬಿಕೆ. ಕೇರಿಯ ಬಾಯಲ್ಲಿ ಅವಳು ನೂತಮ್ಮ.

ತಕೂಶಳ ಬೆರಳು ಎಷ್ಟು ಚುರುಕೋ ನಾಲಿಗೆಯೂ ಅಷ್ಟೇ ಚುರುಕು. ದಿನವೂ ಅಳುವವರ ನಡುವೆ ಬದುಕುವವರಿಗೆ ನಗಲು ಒಂದು ದಾರಿ ಬೇಕಾಗುತ್ತದೆ. ಅವಳಿಗೆ ಅದು ಮಾತು. ಒಮ್ಮೆ ಪಟ್ಟಣದ ಧಾನ್ಯದ ವ್ಯಾಪಾರಿಯೊಬ್ಬ ಸತ್ತು ಅವನ ಗಂಡುಮಕ್ಕಳು ಬಂದರು. ಎದೆಯ ಮೇಲಷ್ಟೇ ಬಲೆ ಸಾಕು, ಕಾಲಿಗೆ ಬೇಡ ಎಂದು ಚೌಕಾಸಿಗೆ ನಿಂತರು. ತಕೂಶ ತಲೆ ಎತ್ತದೆ ಮಣಿ ಪೋಣಿಸುತ್ತಲೇ, "ಹಂಗಾದ್ರೆ ನಿಮ್ಮಪ್ಪ ಕಾಲು ಇಲ್ಲೇ ಬಿಟ್ಟು ಹೋಗ್ತಾನೆ ಅನ್ನಿ. ಹುಷಾರಪ್ಪಾ, ಸುಮ್ನೆ ಬಿದ್ದಿರೋ ಕಾಲಲ್ಲ ಅದು, ಯಾವತ್ತಾದ್ರೂ ಬಂದು ಒದ್ದೀತು," ಅಂದಳು. ಪಾದದವರೆಗೂ ಬಲೆ ಕಟ್ಟಿಸಿಕೊಂಡು ಹೋದರು.

ಗಂಡ ಪೆತೊಸಿರಿ ಇದಕ್ಕೆ ತದ್ವಿರುದ್ಧ. ಮಣಿಗಳನ್ನೂ ದೇವಿಯ ಬಿಲ್ಲೆಗಳನ್ನೂ ಮಾಡುವವನು ಅವನು. ಬಿಳಿಗಲ್ಲಿನ ಪುಡಿಗೆ ಬೂದಿ, ತಾಮ್ರದ ಕಿಲುಬು ಬೆರೆಸಿ, ನಾದಿ, ಅಚ್ಚಿಗೊತ್ತಿ, ಆವಿಗೆಯಲ್ಲಿ ಸುಡುತ್ತಿದ್ದ. ಬೂದುಬಣ್ಣದ ಹಿಟ್ಟು ಒಳಗೆ ಹೋಗಿ ಆಕಾಶದ ಬಣ್ಣದ್ದಾಗಿ ಹೊರಗೆ ಬರುತ್ತಿತ್ತು. ದಿನವಿಡೀ ಅವನು ಆಡುವ ಮಾತು ಬೆರಳೆಣಿಕೆ. ಇವರಿಬ್ಬರ ಮನೆಯಲ್ಲಿ ಜಗಳವೇ ಹುಟ್ಟುವುದಿಲ್ಲ, ಒಂದೇ ಕೈಯಲ್ಲಿ ಹೇಗೆ ಚಪ್ಪಾಳೆ ಹೊಡೆದಾರು ಎಂದು ಕೇರಿಯವರು ನಗುತ್ತಿದ್ದರು.

ಅವರಿಗೆ ಹುಟ್ಟಿದ ಮೊದಲ ಮೂರು ಕೂಸುಗಳು ನಿಲ್ಲಲಿಲ್ಲ. ನಾಲ್ಕನೆಯದು ಹುಟ್ಟಿದಾಗ ಸಾವಿನ ಕಣ್ಣು ಅದರ ಮೇಲೆ ಬೀಳದಿರಲೆಂದು ತಕೂಶ ಅದಕ್ಕೆ ಪಾಮಿ ಎಂದು ಹೆಸರಿಟ್ಟಳು. ಪಾಮಿ ಅಂದರೆ ಗಂಡುಬೆಕ್ಕು. ಬೆಕ್ಕಿನ ಹೆಸರಿನ ಕೂಸನ್ನು ಯಾರು ಹುಡುಕಿಕೊಂಡು ಬರುತ್ತಾರೆ ಎಂದು ಅವಳ ಲೆಕ್ಕ. ಪಾಮಿ ನಿಂತ. ಅಮ್ಮನ ಬಾಯಿ, ಅಪ್ಪನ ತೋಳು ಬಂತು ಅವನಿಗೆ. ಬೆಳೆದು ದೊಡ್ಡವನಾಗಿ ಕತ್ತೆಗಳ ಮೇಲೆ ಬಿಳಿಗಲ್ಲು ಹೇರಿ ತಂದು ಅಪ್ಪನಿಗೆ ಹಾಕುತ್ತಿದ್ದ. ಕೂಲಿಗೆ ಅಳುವ ಹೆಂಗಸರು ಎದೆ ಬಡಿದುಕೊಳ್ಳುತ್ತಲೇ ಓರೆಗಣ್ಣಲ್ಲಿ ರೊಟ್ಟಿಯ ಬುಟ್ಟಿ ನೋಡುವುದನ್ನು ಅವನು ಮಾಡಿ ತೋರಿಸಿದರೆ, ಪೆತೊಸಿರಿ ಕೂಡ ಆವಿಗೆಯ ಹಿಂದೆ ಮುಖ ಮರೆಸಿಕೊಂಡು ನಗುತ್ತಿದ್ದ. ಅವನಿಗೆ ಹೆಣ್ಣು ನೋಡುವ ಮಾತು ನಡೆದಿತ್ತು. ಎರಡು ಮನೆಯವರು ತಾವಾಗಿಯೇ ಕೇಳಿಕೊಂಡು ಬಂದಿದ್ದರು. ತಕೂಶ ಇಬ್ಬರನ್ನೂ ಕಾಯಿಸುತ್ತಿದ್ದಳು; ಮಗ ಇನ್ನೊಂದು ವರುಷ ತನ್ನ ಕೈರೊಟ್ಟಿಯನ್ನೇ ತಿನ್ನಲಿ ಎಂಬ ಆಸೆ.

ಆ ವರುಷ ಹೊಳೆ ಚೆನ್ನಾಗಿ ಏರಿತು. ಹೊಲಗಳೆಲ್ಲ ಕೆರೆಯಾದವು. ಪ್ರವಾಹದ ಹಬ್ಬಕ್ಕೆ ಊರಿಗೆ ಊರೇ ನೀರಿನ ಮೇಲಿತ್ತು. ಪಾಮಿ ತನ್ನ ಮೂವರು ಗೆಳೆಯರ ಜೊತೆ ಜೊಂಡಿನ ತೆಪ್ಪದಲ್ಲಿ ಹೋದ. ತಾವರೆ ಹಾರ, ಜವೆಗೋದಿ ಹೆಂಡ, ಹಾಡು. ನಡುಹೊಳೆಯಲ್ಲಿ ಅವನು ತೆಪ್ಪದ ಮೇಲೆ ಎದ್ದು ನಿಂತು, ಹೊಟ್ಟೆ ಉಬ್ಬಿಸಿ, ಹಬ್ಬದ ಮೆರವಣಿಗೆಯ ಮುಂದೆ ಕುಣಿಯುವ ಡೊಳ್ಳುಹೊಟ್ಟೆಯ ಪೂಜಾರಿಯ ಅಣಕ ಮಾಡಿದನಂತೆ. ತೆಪ್ಪ ವಾಲಿತು. ಅವನು ಬಿದ್ದ. ಗೆಳೆಯರು ಬಿದ್ದು ಬಿದ್ದು ನಕ್ಕರು. ಪಾಮಿ ಮೀನಿನ ಹಾಗೆ ಈಜುವವನು. ತಮ್ಮನ್ನು ಹೆದರಿಸಲು ನೀರಿನಡಿ ಅವಿತಿದ್ದಾನೆ ಎಂದುಕೊಂಡರು. ಬಾರೋ ಬೆಕ್ಕೇ, ಮೈ ನೆನೀತಲ್ಲೋ ಎಂದು ರಾಗವಾಗಿ ಕರೆದರು. ಅವರ ನಗು ನಿಲ್ಲುವಷ್ಟರಲ್ಲಿ ನೀರು ನುಣ್ಣಗಾಗಿತ್ತು.

ಸುದ್ದಿ ತಂದ ಹುಡುಗನ ಕೊರಳಲ್ಲಿ ತಾವರೆ ಹಾರ ಹಾಗೇ ಇತ್ತು. ತಕೂಶ ಅದನ್ನೇ ನೋಡುತ್ತಾ ನಿಂತಳು. ಆಮೇಲೆ ಕೂದಲು ಬಿಚ್ಚಿ ಬೀದಿಯ ಮಣ್ಣನ್ನು ತಲೆಗೆ ಸುರಿದುಕೊಂಡಳು. ಆ ಕೇರಿಯಲ್ಲಿ ಅದೆಷ್ಟು ಹೆಂಗಸರು ಹಾಗೆ ಮಾಡಿದ್ದನ್ನು ಅವಳು ಕಂಡಿದ್ದಳೋ.

ಪೆತೊಸಿರಿ ದಂಡೆಯುದ್ದಕ್ಕೂ ನಡೆದು ಹುಡುಕಿದ. ಕೆಲವು ದಿನಗಳ ಮೇಲೆ ಕೆಳಹೊಳೆಯ ಸೆಖೆತ್ ಎಂಬ ಊರಿನಿಂದ ಸುದ್ದಿ ಬಂತು: ಬೆಸ್ತರಿಗೆ ಜೊಂಡಿನಲ್ಲಿ ಸಿಕ್ಕಿಕೊಂಡ ದೇಹವೊಂದು ಕಂಡಿದೆ. ಅವರು ಅದನ್ನು ಮುಟ್ಟಿರಲಿಲ್ಲ. ಮುಟ್ಟುವಂತಿಲ್ಲ. ಹೊಳೆ ತೆಗೆದುಕೊಂಡವನು ಹೊಳೆ ಮೆಚ್ಚಿದವನು. ಅವನು ಮನುಷ್ಯರ ಲೆಕ್ಕ ದಾಟಿ ಹೋದ. ಅವನು ತೇಲಿ ಬಂದ ಊರಿನವರೇ ಅವನನ್ನು ಸಕಲ ಮರ್ಯಾದೆಯಿಂದ ಹೂಳಬೇಕು, ಹೊಳೆದೇವರ ಪೂಜಾರಿಗಳಷ್ಟೇ ಅವನ ಮೈಗೆ ಕೈ ಹಚ್ಚಬೇಕು. ಹೂಳುವವರೆಗೆ ಹೆತ್ತವರಾಗಲಿ ಒಡಹುಟ್ಟಿದವರಾಗಲಿ ಹತ್ತಿರ ಸುಳಿಯುವಂತಿಲ್ಲ. ಹೊಳೆಯ ಕಟ್ಟಳೆ ಅದು, ಎಲ್ಲರಿಗೂ ಗೊತ್ತಿದ್ದದ್ದೇ. ತಕೂಶಳಿಗೂ ಗೊತ್ತಿತ್ತು. ತನ್ನ ಮನೆಗೆ ಬರುವವರೆಗೆ ಅವಳು ಅದನ್ನು ಕುರಿತು ಯೋಚಿಸಿರಲಿಲ್ಲ, ಅಷ್ಟೇ.

ಗಂಡ ಹೆಂಡತಿ ಸೆಖೆತ್ ತಲುಪಿದಾಗ ಊರ ಜನ ದಂಡೆಯಲ್ಲಿ ನೆರೆದಿದ್ದರು. ಇವರನ್ನು ಕಂಡದ್ದೇ ನೆಲಕ್ಕೆ ಬಾಗಿದರು. ಕೆಲವರು ಅವರ ಮುಂದಿನ ಮಣ್ಣಿಗೆ ಮುತ್ತಿಟ್ಟರು. ಅವರ ಊರಿಗೆ ದೇವರು ತೇಲಿ ಬಂದಿದ್ದ. ಒಬ್ಬ ಮುದುಕಿ ತಕೂಶಳ ಕೈ ಹಿಡಿದು, "ಪುಣ್ಯವಂತೆ ಕಣಮ್ಮ ನೀನು. ಹೊಳೆನೇ ಕೇಳಿ ತಗೊಂಡೈತೆ," ಅಂದಳು.

"ನಾನು ಕೊಟ್ಟಿಲ್ಲ," ಅಂದಳು ತಕೂಶ.

ಮಣ್ಣಿನ ಗೋಡೆಯ ಆವರಣದೊಳಗೆ ಪಾಮಿ ಇದ್ದ. ಬಾಗಿಲಲ್ಲಿ ಹಿರಿಯ ಪೂಜಾರಿ ನಿಂತಿದ್ದ, ಅವನ ಹಿಂದೆ ಆಗಷ್ಟೇ ಆ ಕೆಲಸಕ್ಕೆ ಸೇರಿದ್ದ ನೆಸ್ಮಿನ್ ಎಂಬ ಎಳೆಯ ಪೂಜಾರಿ. ಒಮ್ಮೆ ಒಳಗೆ ಬಿಡಿ, ಮುಖ ಒರೆಸಿ ಬರುತ್ತೇನೆ ಎಂದು ತಕೂಶ ಕೇಳಿದಳು. ಹಿರಿಯ ಪೂಜಾರಿ ಒರಟನೇನಲ್ಲ. ಸಮಾಧಾನವಾಗಿಯೇ ಆಗುವುದಿಲ್ಲ ಅಂದ. ಅವನೀಗ ನಿನ್ನ ಮಗ ಅಲ್ಲ ತಾಯಿ, ನಿನಗೂ ದೇವರೇ ಅಂದ. ದೇವಸ್ಥಾನದಿಂದಲೇ ಚಿನ್ನದ ಲೇಪದ ನೂತಮ್ಮ ಬರುತ್ತಾಳೆ, ಒಳ್ಳೆಯ ನಾರುಬಟ್ಟೆ, ಗಂಧದೆಣ್ಣೆ, ಯಾವುದಕ್ಕೂ ಕಡಿಮೆಯಿಲ್ಲ ಅಂದ. ಪೆತೊಸಿರಿ ನೆಲಕ್ಕೆ ಹಣೆ ಹಚ್ಚಿ ನಮಸ್ಕರಿಸಿದ. ತಕೂಶ ನಿಂತೇ ಇದ್ದಳು.

ಮನೆಗೆ ಬಂದವಳೇ ಅವಳು ಗಂಡನ ಹಿಟ್ಟಿನ ಗಡಿಗೆಗೆ ಕೈ ಹಾಕಿದಳು. ಊರಿನವರಿಗೆಲ್ಲ ಬಲೆ ಕಟ್ಟಿದ ತನ್ನ ಕೈ ಹೆತ್ತ ಮಗನಿಗೆ ಕಟ್ಟದೆ ಇರುವುದು ಹೇಗೆ ಎಂಬುದಷ್ಟೇ ಅವಳ ತಲೆಯಲ್ಲಿದ್ದದ್ದು. ಪೆತೊಸಿರಿ ಅಚ್ಚು ತೆಗೆದುಕೊಟ್ಟ. ಅವಳು ಬೇಡವೆಂದಳು; ಮೈ, ರೆಕ್ಕೆ ಎಲ್ಲ ಸೇರಿ ಒಂದೇ ಬಿಲ್ಲೆಯಾಗಿ ತನ್ನ ಕೈಯಲ್ಲೇ ತಿದ್ದುತ್ತೇನೆ ಅಂದಳು. ಅದುವರೆಗೆ ಮಣಿ ಪೋಣಿಸಿದ್ದಳೇ ಹೊರತು ಅವಳು ಎಂದೂ ದೇವಿಯನ್ನು ತಿದ್ದಿದವಳಲ್ಲ. ಹಿಟ್ಟು ಅವಳ ಬೆರಳಿಗೆ ಒಗ್ಗಲಿಲ್ಲ. ಮೂಗು ನಿಲ್ಲದು, ಕೈ ಜೋತು ಬೀಳುವುದು. ಕೆಡಿಸಿ ಕೆಡಿಸಿ ಮತ್ತೆ ಮಾಡಿದಳು. ಜೊಂಡಿನ ಕಡ್ಡಿಯಿಂದ ಒಂದೊಂದೇ ಗರಿ ಗೀರಿದಳು. ಕಡೆಗೆ ಒಂದು ಆವಿಗೆಗೆ ಹೋಗಿ ಬಂತು. ಬಣ್ಣ ಚೆನ್ನಾಗಿ ಹತ್ತಿತ್ತು, ಆದರೆ ಬೆಂಕಿಯಲ್ಲಿ ಒಂದು ರೆಕ್ಕೆ ತುದಿಯಲ್ಲಿ ಸೊಟ್ಟಗಾಗಿತ್ತು.

ಪೆತೊಸಿರಿ ಅದನ್ನು ಅಂಗೈಯಲ್ಲಿಟ್ಟು ತಿರುಗಿಸಿ ನೋಡಿ, "ಇದೇ ಸಾಕು ಕಣೇ. ಅವನಿಗೆ ಗೊತ್ತಾಗುತ್ತಾ?" ಅಂದ.

"ನೂತಮ್ಮನಿಗೆ ಗೊತ್ತಾಗುತ್ತೆ," ಎಂದು ತಕೂಶ ಅದನ್ನು ಹೊಸ್ತಿಲ ಕಲ್ಲಿಗೆ ಹೊಡೆದು ಒಡೆದಳು. ಮತ್ತೆ ಮೊದಲಿನಿಂದ ಕೂತಳು. ಎರಡನೆಯದು ಅವಳ ಮನಸ್ಸಿಗೆ ಬರುವಂತೆ ಆಯಿತು. ಅಗಲ ಕೆನ್ನೆ, ತುಸು ತೆರೆದ ಬಾಯಿ. ಅಚ್ಚಿನ ದೇವಿಯರ ಗಾಂಭೀರ್ಯ ಅದಕ್ಕಿರಲಿಲ್ಲ. ರೆಕ್ಕೆಗಳು ಮಾತ್ರ ಸರಿಯಾಗಿ ಚಾಚಿದ್ದವು. ಎದೆಯಷ್ಟಗಲಕ್ಕೆ ನೀಲಿಮಣಿಯ ಬಲೆ ಹೆಣೆದು, ನಡುವೆ ಅವಳನ್ನು ಬಿಗಿದು, ಬಟ್ಟೆಯಲ್ಲಿ ಸುತ್ತಿಕೊಂಡು ತಕೂಶ ಒಬ್ಬಳೇ ಸೆಖೆತ್‌ಗೆ ನಡೆದಳು.

ಅಂದು ಬಾಗಿಲಲ್ಲಿದ್ದವನು ನೆಸ್ಮಿನ್. ಅವಳು ಗಂಟು ಬಿಚ್ಚಿ ತೋರಿಸಿದಳು. ಇದನ್ನು ಮೇಲೆ ಹಾಕಬೇಡಿ, ನಿಮ್ಮ ಚಿನ್ನದ್ದೇ ಮೇಲಿರಲಿ, ಇದು ಒಳಗೆ, ಬಟ್ಟೆಯ ಸುತ್ತಿನೊಳಗೆ ಇರಲಿ, ಯಾರಿಗೂ ಕಾಣುವುದು ಬೇಡ ಎಂದು ಬೇಡಿಕೊಂಡಳು. ಆ ಹುಡುಗ ಅವಳ ಮುಖವನ್ನೇ ನೋಡುತ್ತ ನಿಂತ. ಏನೋ ಹೇಳಲು ಬಾಯಿ ತೆರೆದ. ಆಮೇಲೆ ಗಂಟನ್ನು ಉಡುಪಿನೊಳಗೆ ಮರೆಮಾಡಿಕೊಂಡು ಒಳಗೆ ಹೋದ. ಬಹಳ ಹೊತ್ತಾದ ಮೇಲೆ ಬರಿಗೈಲಿ ಹೊರಗೆ ಬಂದ.

"ಇಟ್ಟೆ ತಾಯಿ."

"ಎದೆ ಮೇಲೇ ತಾನೇ?"

"ಎದೆ ಮೇಲೇ."

"ಬಿಗಿಯಾಗಿ ಕಟ್ಟಿದ್ಯಾ?"

"ಕಟ್ಟಿದೀನಿ."

ತಕೂಶ ಅವನಿಗೆ ಕೈ ಮುಗಿದಳು. ಹಿಂತಿರುಗುವ ದಾರಿಯಲ್ಲಿ ಹೊಳೆದಂಡೆಯ ಮರದಡಿ ಕೂತು ಸೆರಗಿನಲ್ಲಿದ್ದ ರೊಟ್ಟಿ, ಈರುಳ್ಳಿ ತೆಗೆದು ತಿಂದಳು. ಮಗ ಹೋದ ಮೇಲೆ ಹಸಿವು ಅಂತ ಅವಳಿಗೆ ಅನ್ನಿಸಿದ್ದು ಅಂದೇ ಮೊದಲು.

ವರುಷಗಳು ಕಳೆದವು. ಸೆಖೆತ್‌ನಲ್ಲಿ ಪಾಮಿಯ ಸಮಾಧಿಯ ಮೇಲೊಂದು ಗುಡಿ ಎದ್ದಿತು. ಮಕ್ಕಳಾಗದವರು, ಜ್ವರ ಬಿಡದವರು, ದೋಣಿ ಹೊರಡಿಸುವವರು ಬಂದು ಹರಕೆ ಹೇಳಿಕೊಳ್ಳುತ್ತಿದ್ದರು. ಹೊಳೆ ಮೆಚ್ಚಿದವನು ಬೇಗ ಕೊಡುತ್ತಾನೆ ಎಂದು ಮಾತು ಹಬ್ಬಿತು. ಪೆತೊಸಿರಿ ಮೊದಲು ಹುಣ್ಣಿಮೆಗೊಮ್ಮೆ ಹೋಗುತ್ತಿದ್ದವನು ಆಮೇಲೆ ಅಲ್ಲೇ ಹೆಚ್ಚು ಹೊತ್ತು ಉಳಿಯತೊಡಗಿದ. ಬಂದವರಿಗೆ ನೀರು ಕೊಡುತ್ತಿದ್ದ, ಅಂಗಳ ಗುಡಿಸುತ್ತಿದ್ದ. ಜನ ಅವನನ್ನು ದೇವರ ಅಪ್ಪ ಎಂದು ಕರೆದು ಬಾಗುತ್ತಿದ್ದರು. ಜೀವಮಾನವಿಡೀ ಮಾತಿಲ್ಲದವನು ಅಲ್ಲಿ ಮಾತು ಕಲಿತ. ಮಗನ ಸಾಹಸಗಳನ್ನು ಹೇಳುತ್ತಿದ್ದನಂತೆ, ನಡೆದದ್ದು ಅಷ್ಟು, ನಡೆಯದ್ದು ಅಷ್ಟು.

ತಕೂಶ ಹೋಗಲಿಲ್ಲ. ಯಾಕೆ ಎಂದು ಕೇಳಿದರೆ, "ನಾನು ಕಳಿಸಬೇಕಾದ್ದು ಕಳಿಸಿಯಾಗೈತೆ. ಇನ್ನು ಅವನ ಹತ್ರ ಬೇಡೋದು ಏನೈತೆ ನಂಗೆ?" ಅನ್ನುತ್ತಿದ್ದಳು. ಗಂಡ ಹೊರಟಾಗ ಮಾತ್ರ ಅಂಜೂರವನ್ನೋ ಜೇನು ಹಾಕಿದ ರೊಟ್ಟಿಯನ್ನೋ ಗಂಟು ಕಟ್ಟಿ, ಆ ನೆಸ್ಮಿನ್ ಹುಡುಗನಿಗೆ ಕೊಡು ಎಂದು ಕೊಡುತ್ತಿದ್ದಳು. ಯಾಕೆಂದು ಪೆತೊಸಿರಿ ಕೇಳಲಿಲ್ಲ, ಅವನಿಗೆ ಗೊತ್ತಿತ್ತು.

ಅವಳ ಕೆಲಸ ನಡೆದೇ ಇತ್ತು. ನಾಲಿಗೆಯ ಚುರುಕು ಇಂಗಿತ್ತು, ಆದರೆ ಮಕ್ಕಳನ್ನು ಕಳಕೊಂಡು ಬರುವ ತಾಯಂದಿರು ಅವಳನ್ನೇ ಹುಡುಕಿಕೊಂಡು ಬರುತ್ತಿದ್ದರು. ಅವರನ್ನು ಚಾಪೆಯ ಮೇಲೆ ಕೂರಿಸಿ, ನೀರು ಕೊಟ್ಟು, ಬಲೆ ಹೆಣೆಯುತ್ತಲೇ ಅವಳು ಒಂದೇ ಮಾತು ಹೇಳುತ್ತಿದ್ದಳು: "ನಾನೂ ಕಟ್ಟಿದೀನಿ ಕಣಮ್ಮ, ನನ್ನ ಮಗನಿಗೆ. ಅವಳ ರೆಕ್ಕೆಯೊಳಗೆ ಬೆಚ್ಚಗಿದಾನೆ. ನಿಂದೂ ಬೆಚ್ಚಗಿರುತ್ತೆ." ಆ ಮಾತಿಗೆ ಅಳು ನಿಲ್ಲುತ್ತಿರಲಿಲ್ಲ, ಆದರೆ ಸ್ವಲ್ಪ ಇಳಿಯುತ್ತಿತ್ತು. ಹೇಳುವವಳಿಗೂ ಅಷ್ಟೇ.

ಒಂದು ಮಧ್ಯಾಹ್ನ ಅವಳು ಬಾಗಿಲ ಬಳಿ ಬೆಳಕಿಗೆ ಮುಖ ಮಾಡಿ ಮಣಿ ಆರಿಸುತ್ತಿದ್ದಾಗ ಎದುರಿಗೆ ನೆರಳೊಂದು ಬಿತ್ತು. ತಲೆಗೆ ಮಣ್ಣು ಹಾಕಿಕೊಂಡ ನಡುವಯಸ್ಸಿನ ಗಂಡಸು. ಗುರುತು ಹತ್ತಲು ಹೊತ್ತು ಹಿಡಿಯಿತು. ನೆಸ್ಮಿನ್. ಅವನ ಕೈಯಲ್ಲಿ ಬಟ್ಟೆಯ ಗಂಟಿತ್ತು.

ತಕೂಶ ಅವನನ್ನು ಚಾಪೆಯ ಮೇಲೆ ಕೂರಿಸಿದಳು. ಯಾರಪ್ಪಾ ಹೋದದ್ದು ಎಂದು ಕೇಳಿದಳು. ಅವನ ಒಬ್ಬಳೇ ಮಗಳು, ರೆನ್ಪೆ, ಇನ್ನೂ ಹಾಲುಹಲ್ಲು ಬೀಳದವಳು, ಜ್ವರದಲ್ಲಿ ತೀರಿಹೋಗಿದ್ದಳು. ತಕೂಶ ನೀರು ತಂದು ಕೊಟ್ಟಳು. ಎಲ್ಲರಿಗೂ ಹೇಳುತ್ತಿದ್ದ ಆ ಮಾತನ್ನೇ ಅವನಿಗೂ ಹೇಳತೊಡಗಿದಳು. ನಾನೂ ಕಟ್ಟಿದೀನಿ ಕಣಪ್ಪಾ, ನಿಂಗೇ ಗೊತ್ತಲ್ಲ, ನಿನ್ನ ಕೈಲೇ ಅಲ್ವಾ ಕಳಿಸಿದ್ದು...

"ತಾಯಿ, ನಿಲ್ಲಿಸು," ಅಂದ ನೆಸ್ಮಿನ್. ಗಂಟನ್ನು ಅವಳ ಮುಂದೆ ಇಟ್ಟು ಬಿಚ್ಚಿದ.

ಅಗಲ ಕೆನ್ನೆ, ತುಸು ತೆರೆದ ಬಾಯಿ.

ತಕೂಶ ಮೊದಲು ಅದನ್ನು ನೋಡಿದಳು, ಆಮೇಲೆ ಅವನನ್ನು. ಅವನು ನೆಲ ನೋಡುತ್ತ ಹೇಳಿದ. ನೀನು ಬಂದ ದಿನಕ್ಕೆ ಪೆಟ್ಟಿಗೆ ಮುಚ್ಚಿಯಾಗಿತ್ತು. ಹಿಂದಿನ ದಿನವೇ ಮುಚ್ಚಿ, ಅರಗು ಹಾಕಿ, ಕೆಳಗಿಳಿಸಿಯಾಗಿತ್ತು. ನಿನ್ನ ಮುಖ ನೋಡಿ ಅದನ್ನು ಹೇಳಲು ನನ್ನಿಂದ ಆಗಲಿಲ್ಲ. ಒಳಗೆ ಹೋಗಿ ಗೋಡೆಗೊರಗಿ ಕೂತಿದ್ದೆ. ಆಮೇಲೆ ಹೊರಗೆ ಬಂದು ಬಾಯಿಗೆ ಬಂದದ್ದು ಹೇಳಿದೆ. ವಾಪಸು ಕೊಡೋಣವೆಂದರೆ ಪ್ರತಿಸಲ ನಿನ್ನ ಗಂಡ ನೀನು ಕಳಿಸಿದ ಅಂಜೂರ ತಂದುಕೊಡುತ್ತಿದ್ದ.

ಹಿಂದಿನ ದಿನವೇ. ಆ ಒಂದು ಮಾತು ತಕೂಶಳೊಳಗೆ ಇಳಿದು ಕೂತಿತು. ರೆಕ್ಕೆ ಸೊಟ್ಟಗಾಯಿತೆಂದು ಅವಳು ಒಡೆದು ಹಾಕಿದ್ದ ಮೊದಲಿನ ದೇವಿ ಸಮಯಕ್ಕೆ ಸರಿಯಾಗಿ ಹೋಗಿ ಸೇರುತ್ತಿದ್ದಳು.

ನೆಸ್ಮಿನ್ ಇನ್ನೂ ಹೇಳುತ್ತಿದ್ದ. ಗೂಡಿನಲ್ಲಿ ಬಚ್ಚಿಟ್ಟಿದ್ದ ದೇವಿಯನ್ನು ಮಗಳು ನಡೆಯಲು ಕಲಿತ ಮೇಲೆ ಹುಡುಕಿ ತೆಗೆದಿದ್ದಳು. ಹಕ್ಕಿಯಮ್ಮ ಎಂದು ಹೆಸರಿಟ್ಟಿದ್ದಳು. ಜ್ವರದಲ್ಲೂ ಅದನ್ನು ಕೈಯಿಂದ ಬಿಟ್ಟಿರಲಿಲ್ಲ.

"ಅವಳ ಮೇಲೆ ಇದನ್ನೇ ಕಟ್ಟೋಣ ಅಂತ ನನ್ನ ಹೆಂಡ್ತಿ ಹೇಳ್ತಾಳೆ. ಅವಳಿಗೆ ಇದು ಯಾರದ್ದು ಅಂತ ಗೊತ್ತಿಲ್ಲ. ನಂಗೆ ಗೊತ್ತು. ನಿನ್ನ ಕೇಳದೆ ಹೆಂಗೆ ಕಟ್ಟಲಿ?"

"ಎದ್ದು ಹೋಗು," ಅಂದಳು ತಕೂಶ.

ಅವನು ಎದ್ದ. ಗಂಟನ್ನು ಮುಟ್ಟದೆ ಅಲ್ಲೇ ಬಿಟ್ಟು ಹೋದ.

ಅವಳು ಅದನ್ನು ಒಳಗೆ ತರಲೂ ಇಲ್ಲ, ಎಸೆಯಲೂ ಇಲ್ಲ. ಬಾಗಿಲ ಪಕ್ಕ ಬಿದ್ದಿತ್ತು. ಆ ದಿನಗಳಲ್ಲಿ ಬಂದ ಗಿರಾಕಿಗಳನ್ನು ಬೇರೆ ಮನೆಗೆ ಕಳಿಸಿದಳು. ಇಷ್ಟು ವರುಷ ಎಷ್ಟೊಂದು ತಾಯಂದಿರಿಗೆ ಬೆಚ್ಚಗಿದಾನೆ, ಬೆಚ್ಚಗಿದಾನೆ ಎಂದು ಹೇಳಿದ್ದು ಮತ್ತೆ ಮತ್ತೆ ನೆನಪಾಗುತ್ತಿತ್ತು. ಸುಳ್ಳು ಹೇಳಿದವನ ಮೇಲೆ ಸಿಟ್ಟು ಬರುತ್ತಿತ್ತು. ಅದಕ್ಕಿಂತ ಹೆಚ್ಚಾಗಿ, ಯಾಕಾದರೂ ಬಂದು ನಿಜ ಹೇಳಿದ ಎಂದು ಸಿಟ್ಟು ಬರುತ್ತಿತ್ತು.

ಪೆತೊಸಿರಿ ಸೆಖೆತ್‌ನಿಂದ ಬಂದಾಗ ಬಾಗಿಲ ಬಳಿಯ ಗಂಟನ್ನು ಕಂಡ. ಕೈಗೆತ್ತಿಕೊಂಡ. ತಾನೇ ಸುಟ್ಟದ್ದು, ಅವನಿಗೆ ಗುರುತು ಸಿಗದೆ ಇರುತ್ತದೆಯೆ. ಹೆಂಡತಿಯ ಮುಖ ನೋಡಿದ. ಅವಳು ನಡೆದದ್ದನ್ನು ಎರಡೇ ಮಾತಿನಲ್ಲಿ ಹೇಳಿದಳು. ಇದೇ ಸಾಕು ಎಂದು ಅಂದು ತಾನು ಹೇಳಿದ್ದನ್ನು ಅವನು ಈಗ ಎತ್ತಿಯಾನು ಎಂದು ಅವಳು ಕಾದಳು. ಅವನು ಎತ್ತಲಿಲ್ಲ. ಅಂದೂ ಎತ್ತಲಿಲ್ಲ, ಮುಂದೆ ಬದುಕಿದಷ್ಟು ದಿನವೂ ಎತ್ತಲಿಲ್ಲ. ಬಹಳ ಹೊತ್ತು ಬಿಲ್ಲೆಯನ್ನು ಬೆರಳಲ್ಲಿ ಸವರುತ್ತಾ ಕೂತಿದ್ದು, "ದಾರ ಹಳೇದಾಗೈತೆ," ಅಂದ.

ತಕೂಶ ಎದ್ದು ಬಂದು ಪಕ್ಕದಲ್ಲಿ ಕೂತು ನೋಡಿದಳು. ದಾರ ನಿಜಕ್ಕೂ ಪಿಸಿದಿತ್ತು. ಎಡರೆಕ್ಕೆಯ ಅಂಚಿನಲ್ಲಿ ಹೊಳಪು ಹೋಗಿ ಒಳಗಿನ ಬಿಳುಪು ಕಾಣುತ್ತಿತ್ತು. ನೆಸ್ಮಿನ್‌ನ ಕೂಸು ದವಡೆಹಲ್ಲು ಬರುವಾಗ ಕಡಿದದ್ದಿರಬೇಕು. ಅವಳು ಆ ಜಾಗವನ್ನು ಹೆಬ್ಬೆರಳಿಂದ ಒರೆಸಿದಳು, ಅದು ಹೋಗುವಂಥದ್ದಲ್ಲ. ಆಮೇಲೆ ಸೂಜಿ ತಂದಳು. ಇದ್ದದ್ದು ಎದೆಯಗಲದ ಬಲೆ. ಒಂದು ಮಗುವಿಗೆ ಅದು ಮೈತುಂಬ ಆಗುತ್ತದೆ ಎಂದು ಅವಳ ಕೈಗೆ ತಾನಾಗಿಯೇ ಲೆಕ್ಕ ಸಿಕ್ಕಿತು.

ಮಗುವನ್ನು ಹೂಳುವ ದಿನ ಹತ್ತಿರವಾದಾಗ ಇಬ್ಬರೂ ಸೆಖೆತ್‌ಗೆ ನಡೆದರು. ನೆಸ್ಮಿನ್‌ನ ಮನೆಯ ಅಂಗಳದಲ್ಲಿ ಹಲಗೆಯ ಮೇಲೆ ರೆನ್ಪೆ ಮಲಗಿದ್ದಳು, ಬಟ್ಟೆ ಸುತ್ತಿದ ಒಂದು ಸಣ್ಣ ಕಟ್ಟು. ನೆಸ್ಮಿನ್‌ನ ಹೆಂಡತಿ ಗೋಡೆಗೆ ಮುಖ ಮಾಡಿ ಕೂತಿದ್ದಳು. ತಕೂಶ ಯಾರನ್ನೂ ಮಾತಾಡಿಸದೆ ಹಲಗೆಯ ಪಕ್ಕ ಮಂಡಿಯೂರಿದಳು. ಮಗುವಿನ ಬೆನ್ನಡಿ ಕೈ ಹಾಕಿ ಎತ್ತಿ, ಬಲೆ ಸುತ್ತಿ, ಒಂದೊಂದೇ ಗಂಟು ಹಾಕತೊಡಗಿದಳು. ಕೈ ಕೆಲಸದ ಮೇಲಿದ್ದಂತೆಯೇ ಕೇಳಿದಳು:

"ನನ್ನ ಮಗನ್ನ ತೊಳೆದದ್ದು ಯಾರು?"

ನೆಸ್ಮಿನ್ ಹತ್ತಿರ ಬಂದು ಕೂತ. "ನಾನೇ ತಾಯಿ. ಹಿರಿಯರಿಗೆ ಬಗ್ಗೋಕೆ ಆಗ್ತಿರಲಿಲ್ಲ."

"ಹೆಂಗಿದ್ದ ಹೇಳು."

ಅವನು ಹಿಂಜರಿದ. ಹೊಳೆ ಮೆಚ್ಚಿದವರ ಮುಖದಲ್ಲಿ ಕಳೆ ಇರುತ್ತದೆ ಎಂಬ ಮಾಮೂಲಿ ಮಾತನ್ನು ಶುರುಮಾಡಿದ. ತಕೂಶ ಕೈ ನಿಲ್ಲಿಸಿ ಅವನತ್ತ ತಿರುಗಿದಳು.

"ನಿನ್ನ ಮಗಳ ಮುಂದೆ ಕೂತಿದೀಯ. ನಿಜ ಹೇಳು."

ಅವನು ಹೇಳಿದ. ಕೂದಲ ತುಂಬ ಕೆಸರಿತ್ತು, ತೊಳೆದಷ್ಟೂ ಬರುತ್ತಿತ್ತು. ಕೊರಳಲ್ಲಿ ತಾವರೆ ಹಾರದ ನಾರು ಮಾತ್ರ ಉಳಿದಿತ್ತು. ಕಣ್ಣು ಮೀನಿನ ಪಾಲಾಗಿತ್ತು. ಅವನು ಅಲ್ಲಿ ತಡೆದ; ತಕೂಶ ಮುಂದೆ ಹೇಳು ಅಂದಳು. ಮೊಣಕಾಲಿನಲ್ಲಿ ಹಳೆಯ ಗಾಯದ ಕಲೆ ಇತ್ತು. ಕತ್ತೆಯಿಂದ ಬಿದ್ದದ್ದು ಅದು ಅಂದಳು ತಕೂಶ. ಬಲಗೈ ಮುಷ್ಟಿ ಬಿಗಿದಿತ್ತು. ಬಿಡಿಸಲು ಬಹಳ ಕಷ್ಟವಾಯಿತು. ಬಿಡಿಸಿದಾಗ ಅದರೊಳಗೆ ಬೇರುಸಮೇತ ಕಿತ್ತ ಜೊಂಡಿತ್ತು.

ತಕೂಶ ತಲೆ ತಗ್ಗಿಸಿದಳು. ಹೊಳೆ ಮೆಚ್ಚಿ ಕರೆದವನು ಜೊಂಡನ್ನು ಹಾಗೆ ಹಿಡಿಯುವುದಿಲ್ಲ. ಅವನು ದಡಕ್ಕೆ ಬರಲು ನೋಡಿದ್ದ. ಕೊನೆಯವರೆಗೂ ನೋಡಿದ್ದ.

"ಆ ಕೈಯನ್ನ ಏನು ಮಾಡಿದೆ?"

"ನೆಟ್ಟಗೆ ಮಾಡಿ, ಕೆಸರು ತೊಳೆದು, ಎದೆ ಮೇಲಿಟ್ಟೆ. ಉಗುರು ಸಂದೀಲಿದ್ದ ಕೆಸರನ್ನೂ ಒಂದೊಂದಾಗಿ ತೆಗೆದೆ ತಾಯಿ. ಅದನ್ನ ಸುಳ್ಳು ಹೇಳ್ತಿಲ್ಲ."

ತಕೂಶ ಕೊನೆಯ ಗಂಟು ಹಾಕಿ, ಉಳಿದ ದಾರವನ್ನು ಹಲ್ಲಿನಿಂದ ಕಡಿದಳು. ಹಕ್ಕಿಯಮ್ಮ ಮಗುವಿನ ಎದೆಯ ಮೇಲೆ ರೆಕ್ಕೆ ಚಾಚಿ ಕೂತಿದ್ದಳು. ಆಗ ನೆಸ್ಮಿನ್‌ನ ಹೆಂಡತಿ ಗೋಡೆಯಿಂದ ತಿರುಗಿದಳು. ನೋಡಿದವಳೇ ಜೋರಾಗಿ ಅತ್ತಳು. ತಕೂಶ ಅವಳನ್ನು ಎದೆಗೊರಗಿಸಿಕೊಂಡು ಕೂತಳು.

ಮಾರನೆಯ ಬೆಳಿಗ್ಗೆ ಹೂಳಿದ ಮೇಲೆ ಪೆತೊಸಿರಿ ಗುಡಿಯ ಕಡೆ ಹೊರಟ. ಈ ಸಲ ತಕೂಶಳೂ ಬಂದಳು. ಅವಳ ಗುರುತು ಅಲ್ಲಿ ಯಾರಿಗೂ ಇರಲಿಲ್ಲ. ದೇವರ ಅಪ್ಪ ಜೊತೆಗಿದ್ದರೆ ಮುಂದೆ ಬಿಡುತ್ತಿದ್ದರು. ಬೇಡವೆಂದು ಅವನನ್ನು ಅಂಗಳದಲ್ಲೇ ಬಿಟ್ಟು ಅವಳು ಸಾಲಿನಲ್ಲಿ ನಿಂತಳು. ಮುಂದೆ ಬಸುರಿ ಸೊಸೆಯನ್ನು ಕರೆತಂದ ಅತ್ತೆ, ಹಿಂದೆ ಬಾತು ಹಿಡಿದ ಒಬ್ಬ ಹೆಂಗಸು. ಬಿಸಿಲು ಏರುತ್ತಿತ್ತು. ಅವಳ ಸರದಿ ಬಂತು. ಎದುರಿಗೆ ಮುಚ್ಚಿದ ಕಲ್ಲು, ಅದರ ಮೇಲೆ ಎಣ್ಣೆಯ ಜಿಡ್ಡು, ಬಾಡಿದ ತಾವರೆಗಳು. ತಕೂಶ ಕಲ್ಲಿನ ಮೇಲೆ ಅಂಗೈ ಇಟ್ಟಳು.

"ಪಾಮಿ," ಎಂದು ಮೆಲ್ಲಗೆ ಕರೆದಳು. "ಅಮ್ಮ ಕಣೋ. ಇಷ್ಟು ವರ್ಷ ನಿನ್ನ ಮೇಲೆ ನಾನು ಹೊದಿಸಿದ್ದು ಏನೂ ಇರಲಿಲ್ಲವಂತೆ. ಗೊತ್ತಿರಲಿಲ್ಲ ಮಗಾ ನಂಗೆ. ಹಂಗೇ ಮಲಗಿದೀಯ."

"ಬೇಗ ಬೇಡ್ಕೊಳಮ್ಮ," ಅಂದಳು ಹಿಂದಿನಿಂದ ಬಾತಿನ ಹೆಂಗಸು. "ಎಲ್ಲರಿಗೂ ಕಷ್ಟ ಇರುತ್ತಲ್ಲ."

ತಕೂಶ ಕೈ ತೆಗೆದು ಪಕ್ಕಕ್ಕೆ ಸರಿದಳು.

ಆಮೇಲೂ ಅವಳು ಬಹಳ ಕಾಲ ಬದುಕಿದಳು, ಕಣ್ಣು ಮಂಜಾಗುವವರೆಗೂ ಬಲೆ ಕಟ್ಟಿದಳು. ಮಕ್ಕಳನ್ನು ಕಳಕೊಂಡ ತಾಯಂದಿರು ಈಗಲೂ ಬರುತ್ತಿದ್ದರು. ಅವರಿಗೆ ಅವಳು ನೀರು ಕೊಡುತ್ತಿದ್ದಳು, ಚಾಪೆ ಹಾಕುತ್ತಿದ್ದಳು. ಬೆಚ್ಚಗಿರುತ್ತೆ ಎಂಬ ಮಾತನ್ನು ಮಾತ್ರ ಮತ್ತೆ ಆಡಲಿಲ್ಲ. ಇನ್ನೂ ಸುತ್ತುವುದು ಮುಗಿಯದ ಕೂಸಾದರೆ, ಹೋಗಿ ಒಮ್ಮೆ ಚೆನ್ನಾಗಿ ಮುಟ್ಟಿ ಬಾ, ಆಮೇಲೆ ಬಲೆ ಮಾತಾಡೋಣ ಎಂದು ಕಳಿಸುತ್ತಿದ್ದಳು. ಅಂಜೂರದ ಗಂಟು ಸೆಖೆತ್‌ಗೆ ಮೊದಲಿನಂತೆಯೇ ಹೋಗುತ್ತಿತ್ತು, ನೆಸ್ಮಿನ್‌ನ ಹೆಂಡತಿಯ ಹೆಸರಿಗೆ.

ತಕೂಶ ತೀರಿಕೊಂಡಾಗ ಪೆತೊಸಿರಿ ಸೆಖೆತ್‌ನ ಪೂಜಾರಿಗಳ ಬಳಿಗೆ ಹೋಗಿ, ಇವಳನ್ನು ಮಗನ ಪಕ್ಕದಲ್ಲಿ ಹೂಳಲು ಬಿಡಿ ಎಂದು ಕೇಳಿದ. ಇಷ್ಟು ವರುಷ ಅವರ ಅಂಗಳ ಗುಡಿಸಿದವನು, ಕೇಳಿದ್ದು ಅದೊಂದೇ. ಹೊಸ ಹಿರಿಯ ಪೂಜಾರಿ ಸಮಾಧಾನವಾಗಿಯೇ ಹೇಳಿದ: ಅದು ಹೊಳೆ ಮೆಚ್ಚಿದವರ ನೆಲ, ಮನೆಯಲ್ಲಿ ಸತ್ತವರಿಗೆ ಅಲ್ಲಿ ಜಾಗವಿಲ್ಲ. ನೆಸ್ಮಿನ್ ಪೆತೊಸಿರಿಯ ಪರವಾಗಿ ವಾದಿಸಿದ, ನಡೆಯಲಿಲ್ಲ.

ತಕೂಶಳನ್ನು ಸುತ್ತುವವರ ಕೇರಿಯ ಹಿಂದೆ, ಮರಳಿನಲ್ಲಿ, ಅವಳ ಮೂರು ಕೂಸುಗಳಿದ್ದ ಕಡೆ ಹೂಳಿದರು. ಪೆತೊಸಿರಿ ಆಮೇಲೆ ಗುಡಿಗೆ ಹೋಗಲಿಲ್ಲ. ದೇವರ ಅಪ್ಪ ಎಲ್ಲಿ ಎಂದು ಯಾತ್ರಿಕರು ಸ್ವಲ್ಪ ದಿನ ವಿಚಾರಿಸುತ್ತಿದ್ದರಂತೆ. ಅವನು ಮನೆಯ ಮುಂದೆ ಆರಿದ ಆವಿಗೆಯ ಪಕ್ಕ ಕೂತಿರುತ್ತಿದ್ದ, ಮೊದಲಿನ ಹಾಗೆಯೇ ಮಾತಿಲ್ಲದೆ.